ಹಡಗಿನ ಗ್ರಂಥಾಲಯಕ್ಕೆ ಧಾರವಾಡದಿಂದ ಹೊರಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜು ಗ್ರಂಥಪಾಲಕರಿಂದ, ಈಗಷ್ಟೇ ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಮುಗಿಸಿದವರಿಂದ ಬರುವ ಪ್ರಶ್ನೆಗಳಿವು. ಒಂದು ಮಾತು ಮೊದಲೇ ಹೇಳಿಬಿಡಬೇಕು: ವಿದ್ಯಾರ್ಥಿಗಳನ್ನು ಹೊತ್ತು ಸಾಗುವ ಹಡಗಿನ ಗ್ರಂಥಾಲಯ ನೋಡಿಕೊಳ್ಳುವ ಈ ಕೆಲಸದ ಬಹುಪಾಲು ನೆಲದ ಮೇಲೆಯೇ ಮುಗಿದಿರಬೇಕು. ಹಡಗು ಹಗ್ಗ ಬಿಚ್ಚಿದ ಮೇಲೆ ಒಂದು ಬಾರ್‌ಕೋಡ್ ಹಾಳೆ ಬೇಕೆಂದರೂ ಮುಂದಿನ ಬಂದರಿನ ತನಕ ಕಾಯಬೇಕು.

ಹಡಗಿನಲ್ಲಿ ವಿಶ್ವವಿದ್ಯಾಲಯ ನಡೆಯುತ್ತದೆ ಅಂದರೆ ಏನು?

ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಪೂರ್ತಿ ಹಡಗಿನಲ್ಲೇ ವಾಸವಿದ್ದು ಓದುತ್ತಾರೆ. ಸಮುದ್ರದಲ್ಲಿದ್ದಾಗ ತರಗತಿ, ಬಂದರು ಮುಟ್ಟಿದಾಗ ಆ ದೇಶದಲ್ಲಿ ಕ್ಷೇತ್ರ ಅಧ್ಯಯನ. ಈ ಬಗೆಯ ಯಾನಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಸೆಮಿಸ್ಟರ್ ಅಟ್ ಸೀ. 1963ರಲ್ಲಿ ಯೂನಿವರ್ಸಿಟಿ ಆಫ್ ದ ಸೆವೆನ್ ಸೀಸ್ ಎಂಬ ಹೆಸರಿನಲ್ಲಿ ಅದು ಶುರುವಾಯಿತು. 2015ರಲ್ಲಿ ಎಂ.ವಿ. ವರ್ಲ್ಡ್ ಒಡಿಸ್ಸಿ ಎಂಬ ಹಡಗಿಗೆ ಬದಲಾಯಿತು; ಅದು 1998ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಪ್ರವಾಸಿ ಹಡಗು. ಒಂದು ಯಾನ 100 ದಿನಕ್ಕೂ ಮೇಲ್ಪಟ್ಟು ನಡೆಯುತ್ತದೆ, ಹತ್ತು-ಹನ್ನೊಂದು ದೇಶ ಮುಟ್ಟುತ್ತದೆ. ನಮ್ಮ ಕೊಚ್ಚಿ ಬಂದರಿಗೂ ಹಲವು ಸಲ ಬಂದಿದೆ.

ಹಡಗು ನಡೆಸುವ ಸಿಬ್ಬಂದಿ ಬೇರೆ, ಪಾಠದ ಸಿಬ್ಬಂದಿ ಬೇರೆ. ಗ್ರಂಥಪಾಲಕರು ಎರಡನೆಯ ಗುಂಪಿಗೆ ಸೇರುತ್ತಾರೆ. ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ, ಹೆಚ್ಚೆಂದರೆ ಒಬ್ಬ ಸಹಾಯಕರು. ಕೌಂಟರಿನಲ್ಲಿ ಪಾಳಿಯ ಮೇಲೆ ವಿದ್ಯಾರ್ಥಿಗಳು ಕೂರುತ್ತಾರೆ.

ಕರ್ನಾಟಕ ವಿಶ್ವವಿದ್ಯಾಲಯದ ಎಂ.ಲಿಬ್. ಸಾಕೇ?

ಪದವಿಯ ಮಟ್ಟಿಗೆ ಸಾಕು, ಅದನ್ನು ತೋರಿಸುವ ರೀತಿ ಗೊತ್ತಿರಬೇಕು. ಅಮೆರಿಕದ ಜಾಹೀರಾತುಗಳಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ ಮಾನ್ಯತೆಯ ಪದವಿ ಅಥವಾ ಅದಕ್ಕೆ ಸಮಾನವಾದದ್ದು ಎಂದು ಬರೆದಿರುವುದು ಸಾಮಾನ್ಯ. ಸಮಾನ ಎಂದು ತೋರಿಸಲು ಅಂಕಪಟ್ಟಿಯ ಜೆರಾಕ್ಸ್ ನಡೆಯದು. ವಿಶ್ವವಿದ್ಯಾಲಯದಿಂದಲೇ ಮುಚ್ಚಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಪಡೆದು, ಪದವಿ ಮೌಲ್ಯಮಾಪನ ಸಂಸ್ಥೆಗೆ ಕಳಿಸಬೇಕು. ಅರ್ಜಿ ಹಾಕುವ ಮೊದಲೇ ಇದನ್ನು ಶುರುಮಾಡಿ.

ನಮ್ಮ ಕಡೆಯವರು ಹಿಂದೆ ಬೀಳುವುದು ಪದವಿಯಲ್ಲಲ್ಲ, ಬಯೋಡೇಟಾದಲ್ಲಿ. ಅಕ್ಸೆಷನ್ ರಜಿಸ್ಟರ್ (ಬಂದ ಪುಸ್ತಕಗಳ ದಾಖಲೆ), ಸ್ಟಾಕ್ ವೆರಿಫಿಕೇಶನ್ (ಪುಸ್ತಕಗಳ ಎಣಿಕೆ), ನ್ಯಾಕ್ (ಕಾಲೇಜುಗಳ ಮೌಲ್ಯಾಂಕನ ಸಂಸ್ಥೆ) ಕಡತ ಎಂದು ಎರಡು ಪುಟ ತುಂಬಿಸುತ್ತಾರೆ. ಹಡಗಿನವರು ನೋಡುವುದು ಬೇರೆಯನ್ನೇ: ವಿದ್ಯಾರ್ಥಿ ಅರ್ಧಂಬರ್ಧ ಕೇಳಿದ ಪ್ರಶ್ನೆಯನ್ನು ಬಿಡಿಸಿ, ಬೇಕಾದ ಆಕರವನ್ನು ಹತ್ತು ನಿಮಿಷದಲ್ಲಿ ಕೈಗಿಡಬಲ್ಲಿರಾ? ತರಗತಿಯಲ್ಲಿ ನಿಂತು ಆಕರ ಹುಡುಕುವುದನ್ನು ಕಲಿಸಿದ್ದೀರಾ? ಒಬ್ಬರೇ ಇಡೀ ಗ್ರಂಥಾಲಯ ನಡೆಸಿದ ಅನುಭವ ಇದೆಯೇ? ತಾಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡಿದವರಿಗೆ ಈ ಮೂರನೆಯದು ದೊಡ್ಡ ಬಲ. ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಸಂಬಳ ಎಷ್ಟು?

ಸಂಬಳಕ್ಕಿಂತ ಗೌರವಧನದ ಲೆಕ್ಕ ಎಂದುಕೊಳ್ಳಿ. ಕ್ಯಾಬಿನ್ ಮತ್ತು ಊಟ ಹಡಗಿನದು. ವೀಸಾ, ಲಸಿಕೆ, ವಿಮೆ, ಹಡಗು ಹತ್ತುವ ಬಂದರಿನ ತನಕ ವಿಮಾನ ಟಿಕೆಟ್ ಇವು ಯಾರ ಖರ್ಚು ಎಂಬುದನ್ನು ಕರಾರಿನಲ್ಲಿ ಒಂದೊಂದಾಗಿ ಬರೆಸಿಕೊಳ್ಳಿ. ಯಾನ ನಾಲ್ಕು ತಿಂಗಳ ಒಳಗೇ ಮುಗಿಯುವುದರಿಂದ ಆ ವರ್ಷದಲ್ಲಿ 182 ದಿನಕ್ಕಿಂತ ಹೆಚ್ಚು ನೀವು ಭಾರತದಲ್ಲೇ ಇರುತ್ತೀರಿ. ಹಾಗಾಗಿ ಆದಾಯ ತೆರಿಗೆಯ ಲೆಕ್ಕದಲ್ಲಿ ನಿವಾಸಿಯೇ. ಗೌರವಧನವನ್ನು ರಿಟರ್ನ್‌ನಲ್ಲಿ ತೋರಿಸಬೇಕು.

ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿದ್ದೇನೆ. ರಜೆ ಹೇಗೆ?

ವಿದೇಶಕ್ಕೆ ಹೋಗಲು ಇಲಾಖೆಯ ನಿರಾಕ್ಷೇಪಣಾ ಪತ್ರ ಮೊದಲು, ರಜೆ ಆಮೇಲೆ. ಕಡತ ಪ್ರಾಚಾರ್ಯರಿಂದ ಜಂಟಿ ನಿರ್ದೇಶಕರ ಕಚೇರಿ ದಾಟಿ ಹೋಗಬೇಕು, ಆರು ತಿಂಗಳು ಮುಂಚೆ ಕೊಡಿ. ಅರ್ಜಿಯಲ್ಲಿ ಪ್ರವಾಸ ಎಂದು ಬರೆಯಬೇಡಿ. ಗೌರವಧನ ಬರುವ ಕೆಲಸವನ್ನು ಪ್ರವಾಸವೆಂದು ತೋರಿಸಿದರೆ ಮುಂದೆ ನಿಮಗೇ ಉರುಳು.

ಪಾಸ್‌ಪೋರ್ಟ್ ಮತ್ತು ವೀಸಾದಲ್ಲಿ ಎಲ್ಲಿ ಎಡವುತ್ತೇವೆ?

ಪಾಸ್‌ಪೋರ್ಟ್ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ. ಅಲ್ಲಿ 36 ಪುಟದ್ದಲ್ಲ, 60 ಪುಟದ ಪುಸ್ತಿಕೆ ಕೇಳಿ. ಸಾಮಾನ್ಯ ಅರ್ಜಿಯಲ್ಲಿ ಮೊದಲನೆಯದಕ್ಕೆ 1,500, ಎರಡನೆಯದಕ್ಕೆ 2,000 ರೂಪಾಯಿ ಶುಲ್ಕ. ಹತ್ತು ದೇಶದ ವೀಸಾ ಹಾಳೆ ಮತ್ತು ಮುದ್ರೆಗೆ ಪುಟ ಸಾಲದೆ ಹೋದರೆ ಯಾನದ ನಡುವೆ ಹೊಸ ಪಾಸ್‌ಪೋರ್ಟ್ ಮಾಡಿಸುವುದು ಆಗದ ಮಾತು. ಯಾನ ಮುಗಿಯುವ ದಿನದಿಂದ ಮುಂದೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಹೊರಟ ದಿನದಿಂದ ಎಣಿಸಿ ಮೋಸಹೋಗಬೇಡಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳಿದರೆ ಅದೂ ಅಲ್ಲೇ, ಶುಲ್ಕ 500 ರೂಪಾಯಿ.

ವೀಸಾದಲ್ಲಿ ತೊಡಕು ಇರುವುದು ದಿನಾಂಕದ ಲೆಕ್ಕದಲ್ಲಿ. ಜಪಾನಿನ ಅಲ್ಪಾವಧಿ ವೀಸಾವನ್ನು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಬಳಸಬೇಕು. ಹೊರಡುವ ತಿಂಗಳ ಮೊದಲೇ ಪಡೆದು, ಹಡಗು 80ನೆಯ ದಿನ ಅಲ್ಲಿಗೆ ತಲುಪಿದರೆ ವೀಸಾ ಸತ್ತುಹೋಗಿರುತ್ತದೆ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ) ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಗೆ 15 ದಿನ ಉಳಿದಿರಬೇಕು. ಅದರಲ್ಲಿ ಬಹುಪ್ರವೇಶ ಕೇಳಿ. ಹಡಗು ಯುರೋಪಿನಿಂದ ಮೊರಾಕ್ಕೋಗೆ ಹೋಗಿ ಮತ್ತೆ ಯುರೋಪ್ ಮುಟ್ಟಿದರೆ ಒಂಟಿಪ್ರವೇಶದ ವೀಸಾ ಉಪಯೋಗಕ್ಕೆ ಬಾರದು. ಒಂದು ದೊಡ್ಡ ಹಾಳೆಯಲ್ಲಿ ಬಂದರು, ತಲುಪುವ ದಿನ, ವೀಸಾ ಎಂದಿನಿಂದ ಎಂದಿನವರೆಗೆ ಎಂದು ಮೂರು ಗೆರೆ ಎಳೆದು ಗೋಡೆಗೆ ಅಂಟಿಸಿ. ಬಹುತೇಕ ದೇಶಗಳ ಅರ್ಜಿ ಕೇಂದ್ರಗಳು ಬೆಂಗಳೂರಿನಲ್ಲಿವೆ. ಒಂದು ದೇಶದ ಕೈಯಲ್ಲಿ ಪಾಸ್‌ಪೋರ್ಟ್ ಇರುವಾಗ ಇನ್ನೊಂದಕ್ಕೆ ಕೊಡಲಾಗದು, ಆದ್ದರಿಂದ ಹೆಚ್ಚು ದಿನ ಹಿಡಿಯುವ ದೇಶ ಯಾವುದೋ ಅದನ್ನು ಮೊದಲು ಮುಗಿಸಿ.

ಹಳದಿ ಜ್ವರದ ಲಸಿಕೆ ಬೇಕೇ?

ಮಾರ್ಗದಲ್ಲಿ ಘಾನಾ, ಕೀನ್ಯಾದಂಥ ದೇಶವಿದ್ದರೆ ಬೇಕೇಬೇಕು. ಕೇಂದ್ರ ಸರ್ಕಾರದ ಅಧಿಕೃತ ಕೇಂದ್ರದಲ್ಲಿ ಮಾತ್ರ ಹಾಕಿಸಬೇಕು, ಖಾಸಗಿ ಕ್ಲಿನಿಕ್ಕಿನ ಚೀಟಿ ಬಂದರಿನಲ್ಲಿ ನಡೆಯದು. ಹಾಕಿಸಿದ 10 ದಿನದ ಮೇಲೆ ಪ್ರಮಾಣಪತ್ರ ಊರ್ಜಿತ. 2016ರ ಜುಲೈನಿಂದ ಅದು ಜೀವಮಾನವಿಡೀ ಮಾನ್ಯ. ಹಲವರು ಮರೆಯುವುದು ಇಷ್ಟನ್ನು: ಆಫ್ರಿಕಾ ಮುಟ್ಟಿ ಕೊಚ್ಚಿಗೆ ಬಂದಾಗ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ನಾಗರಿಕರನ್ನೂ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮೊಟ್ಟೆಯ ಅಲರ್ಜಿ ಇದ್ದವರು, 60 ದಾಟಿದವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ದಿನನಿತ್ಯದ ಗುಳಿಗೆಗಳನ್ನು ಪೂರ್ತಿ ಯಾನಕ್ಕೆ ಸಾಲುವಷ್ಟು, ಮೇಲೆ ಎರಡು ವಾರದ್ದು ಹೆಚ್ಚು, ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ ಒಯ್ಯಿರಿ. ನೆಗಡಿಯ ಗುಳಿಗೆಯಲ್ಲಿ ಸ್ಯೂಡೋಎಫೆಡ್ರಿನ್ ಇದ್ದರೆ ಜಪಾನಿನಲ್ಲಿ ತೊಂದರೆಯಾದೀತು.

ಹಡಗಿನಲ್ಲಿ ಇಂಟರ್‌ನೆಟ್ ಇರುತ್ತದಲ್ಲ, ಪುಸ್ತಕ ಯಾಕೆ?

ಇರುತ್ತದೆ. ನಂಬಿ ಕೂರುವಷ್ಟು ಇರುವುದಿಲ್ಲ. ಹಡಗಿಗೆ ಇಂಟರ್‌ನೆಟ್ ಬರುವುದು ಉಪಗ್ರಹದ ಮೂಲಕ. ಭೂಸ್ಥಿರ ಉಪಗ್ರಹ (ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುವಂಥದ್ದು) 35,786 ಕಿ.ಮೀ. ಎತ್ತರದಲ್ಲಿದೆ. ನಿಮ್ಮ ಕಂಪ್ಯೂಟರಿನ ಕೇಳಿಕೆ ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಅದೇ ದಾರಿಯಲ್ಲಿ ತಿರುಗುವಷ್ಟರಲ್ಲಿ ಸುಮಾರು 600 ಮಿಲಿಸೆಕೆಂಡ್ ಆಗುತ್ತದೆ. ಡೇಟಾಬೇಸಿನ ಒಂದು ಪುಟ ತೆರೆಯಲು ಹತ್ತಾರು ಕೇಳಿಕೆ ಬೇಕು. ಅವು ಒಂದರ ಹಿಂದೊಂದು ಸಾಲುಗಟ್ಟಿದಾಗ ಪುಟ ಅರ್ಧಕ್ಕೆ ನಿಲ್ಲುತ್ತದೆ, ಸರ್ವರ್ ನಿಮ್ಮನ್ನು ಲಾಗ್‌ಔಟ್ ಮಾಡುತ್ತದೆ. ಸುಮಾರು 500 ಕಿ.ಮೀ. ಎತ್ತರದಲ್ಲಿ ಹಾರುವ ಸ್ಟಾರ್‌ಲಿಂಕ್ ಬಗೆಯ ಉಪಗ್ರಹಗಳಲ್ಲಿ ತಡ ಬಹಳ ಕಡಿಮೆ. ಆದರೂ ನೂರಾರು ಜನ ಒಂದೇ ಸಂಪರ್ಕ ಹಂಚಿಕೊಳ್ಳುತ್ತಾರೆ, ಪ್ರಬಂಧ ಒಪ್ಪಿಸುವ ಹಿಂದಿನ ರಾತ್ರಿ ಎಲ್ಲರೂ ಒಟ್ಟಿಗೇ ಬರುತ್ತಾರೆ.

ಎರಡನೆಯ ತೊಡಕು ಗುರುತಿನದು. ಕ್ಯಾಂಪಸ್ಸಿನಲ್ಲಿ ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡಿಯೇ ಜೇಸ್ಟೋರ್, ಎಬ್ಸ್ಕೋದಂಥ ಲೇಖನಗಳ ಡೇಟಾಬೇಸುಗಳು ತೆರೆದುಕೊಳ್ಳುತ್ತವೆ. ಹಡಗಿನ ಐಪಿ ವಿಳಾಸ ಉಪಗ್ರಹ ಕಂಪನಿಯದು, ಅದು ಬದಲಾಗುತ್ತಲೇ ಇರುತ್ತದೆ. ನಮ್ಮ ಕಾಲೇಜುಗಳಲ್ಲಿ ಎನ್-ಲಿಸ್ಟ್‌ಗೆ (ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ಯೋಜನೆ) ಹೆಸರು-ಪಾಸ್‌ವರ್ಡ್ ಕೊಟ್ಟು ಒಳಹೋಗುತ್ತೇವಲ್ಲ, ಆ ಪದ್ಧತಿಯೇ ಇಲ್ಲಿ ಗಟ್ಟಿ. ಪ್ರತಿಯೊಂದು ಡೇಟಾಬೇಸಿಗೂ ಅಂಥ ಪ್ರವೇಶ ಇದೆಯೇ ಎಂದು ಹೊರಡುವ ಮೊದಲು ನೀವೇ ಪರೀಕ್ಷಿಸಿ.

ಮೂರನೆಯದು ಒಟಿಪಿ. ನಡುಸಮುದ್ರದಲ್ಲಿ ನಿಮ್ಮ ಸಿಮ್‌ಗೆ ಎಸ್‌ಎಂಎಸ್ ಬರುವುದಿಲ್ಲ. ಇಮೇಲ್, ಗ್ರಂಥಾಲಯ ತಂತ್ರಾಂಶದ ಅಡ್ಮಿನ್ ಖಾತೆ ಎಲ್ಲವನ್ನೂ ಎಸ್‌ಎಂಎಸ್‌ನಿಂದ ಬಿಡಿಸಿ ಅಥೆಂಟಿಕೇಟರ್ ಆ್ಯಪ್‌ಗೆ ಕಟ್ಟಿ, ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಈ ಅರ್ಧ ಗಂಟೆಯ ಕೆಲಸ ಬಿಟ್ಟವರು ವಾರಗಟ್ಟಲೆ ಸ್ವಂತ ಖಾತೆಯ ಹೊರಗೇ ನಿಲ್ಲುತ್ತಾರೆ.

ಹಾಗಾದರೆ ಆಫ್‌ಲೈನ್ ಏನೇನು ಒಯ್ಯಬೇಕು?

ಎರಡು ಹೊರ ಹಾರ್ಡ್‌ಡಿಸ್ಕ್, ಎರಡರಲ್ಲೂ ಒಂದೇ ಸಾಮಗ್ರಿ. ಕಿವಿಕ್ಸ್ ತಂತ್ರಾಂಶದಲ್ಲಿ ಇಂಗ್ಲಿಷ್ ವಿಕಿಪೀಡಿಯ ಚಿತ್ರಸಹಿತ ಸುಮಾರು 100 ಜಿಬಿಯ ಒಂದೇ ಕಡತವಾಗಿ ಸಿಗುತ್ತದೆ. ಡಿಸ್ಕ್ ಎಫ್ಎಟಿ32 ವಿನ್ಯಾಸದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಕೂರದು, ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಪ್ರತಿ ಬಂದರಿನ ದೇಶಕ್ಕೂ ಒಂದೊಂದು ಫೋಲ್ಡರ್ ಮಾಡಿ, ಚರಿತ್ರೆ, ಆಡಳಿತ, ಧರ್ಮ, ಕೃಷಿ, ಭಾಷೆ ಎಂದು ಮುಕ್ತ ಪರವಾನಗಿಯ ಲೇಖನಗಳನ್ನು ಇಳಿಸಿಕೊಳ್ಳಿ. ಪ್ರಾಧ್ಯಾಪಕರ ಪಠ್ಯಕ್ರಮ ತರಿಸಿಕೊಂಡು ಕಡ್ಡಾಯ ಓದಿನ ಪಟ್ಟಿಯನ್ನು ಒಂದೊಂದಾಗಿ ಟಿಕ್ ಮಾಡುವುದು ಎಲ್ಲಕ್ಕಿಂತ ಮುಖ್ಯ. ಪಟ್ಟಿಯಲ್ಲಿರುವ ಕೊಂಡಿ ಇಂದು ತೆರೆದರೆ ಸಾಲದು, ಕಡತ ಡಿಸ್ಕಿನಲ್ಲಿ ಇರಬೇಕು. ಪರವಾನಗಿ ಇಲ್ಲದ ಪೂರ್ತಿ ಪುಸ್ತಕದ ಸ್ಕ್ಯಾನ್ ಮಾತ್ರ ಹಾಕಬೇಡಿ.

ಸಮುದ್ರವೇ ಇಲ್ಲದ ಧಾರವಾಡದಲ್ಲಿ ಅಭ್ಯಾಸ ಮಾಡುವುದು ಹೇಗೆ?

ಚೆನ್ನಾಗಿಯೇ ಮಾಡಬಹುದು. ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ಹೊಸ ಪ್ರೊಫೈಲ್ ಮಾಡಿ: ತಡ 600 ಮಿಲಿಸೆಕೆಂಡ್, ವೇಗ ಸೆಕೆಂಡಿಗೆ 250 ಕಿಲೊಬಿಟ್. ಆ ವೇಗದಲ್ಲಿ ಒಂದು ಜರ್ನಲ್ ಲೇಖನ ಹುಡುಕಿ ಇಳಿಸಿ, ಗಡಿಯಾರ ನೋಡಿಕೊಳ್ಳಿ. 2 ಎಂಬಿಯ ಪಿಡಿಎಫ್ ಒಂದಕ್ಕೇ ಒಂದು ನಿಮಿಷ ದಾಟುತ್ತದೆ. ಆಗ ನಾಲ್ಕು ಕಡೆ ಕ್ಲಿಕ್ಕಿಸುವ ಬದಲು ಸರಿಯಾದ ಪದ ಹಾಕಿ ಒಂದೇ ಸಲಕ್ಕೆ ಹುಡುಕುವುದು ತಾನಾಗಿಯೇ ಬರುತ್ತದೆ. ಓದುಗನ ಸಮಯ ಉಳಿಸಿ ಎಂಬ, ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ನಾಲ್ಕನೆಯ ಸೂತ್ರವನ್ನು ಪರೀಕ್ಷೆಗೆ ಬರೆದಿದ್ದೇವೆ. ಅದರ ತೂಕ ಗೊತ್ತಾಗುವುದು ಇಲ್ಲಿ.

ಆಮೇಲೆ ಎರಡು ದಿನ ನೆಟ್ ಕೇಬಲ್ ಕಿತ್ತಿಟ್ಟು ಬರೀ ಮುದ್ರಿತ ಆಕರಗಳಿಂದ ಉತ್ತರ ಹುಡುಕಿ. ಕರ್ನಾಟಕ ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯದ ಆಕರ ವಿಭಾಗ ಇದಕ್ಕೆ ಒಳ್ಳೆಯ ಜಾಗ. ನಮ್ಮಲ್ಲಿ ಇ-ಗ್ರಂಥಾಲಯ ಅಥವಾ ಸೋಲ್ ತಂತ್ರಾಂಶ ಬಳಸಿದವರು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶವನ್ನೂ ಕಲಿತಿರಲಿ. ಲ್ಯಾಪ್‌ಟಾಪಿನಲ್ಲಿ ಸ್ಥಳೀಯ ಸರ್ವರ್ ಆಗಿ ಹಾಕಿ, ಬ್ಯಾಕಪ್ ತೆಗೆದು, ಬೇಕೆಂದೇ ಅಳಿಸಿ, ಮತ್ತೆ ಹಾಕಿ. ಹಿಂದಿರುಗಿಸಿ ನೋಡದ ಬ್ಯಾಕಪ್ಪನ್ನು ನಂಬಬಾರದು.

ಹಡಗು ಅಲುಗಾಡುವಾಗ ಪುಸ್ತಕ ಬೀಳುವುದಿಲ್ಲವೇ?

ಬೀಳುತ್ತವೆ, ಕಪಾಟು ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ. ಹಡಗು ಹೆಚ್ಚು ತೂಗುವುದು ಎಡಕ್ಕೆ-ಬಲಕ್ಕೆ. ಕಪಾಟಿನ ಬಾಯಿ ಹಡಗಿನ ಪಕ್ಕಕ್ಕೆ ತಿರುಗಿದ್ದರೆ ಪುಸ್ತಕಗಳು ಮುಂದಕ್ಕೆ ಜಾರಿ ನೆಲಕ್ಕೆ ಬೀಳುತ್ತವೆ. ಮೂತಿ ಅಥವಾ ಬಾಲದ ಕಡೆ ತಿರುಗಿದ್ದರೆ ಸಾಲಿನಲ್ಲೇ ಅತ್ತಿತ್ತ ಸರಿದು ಒಂದರ ಮೇಲೊಂದು ಒರಗುತ್ತವೆ. ಮೊದಲ ಬಗೆಯ ಕಪಾಟಿಗೆ ಅಡ್ಡಪಟ್ಟಿ ಬೇಕು, ಪುಸ್ತಕದ ಎತ್ತರದ ಅರ್ಧಕ್ಕೆ ಬರುವಂತೆ. ಕೆಳಗಿನ ಚಿಕ್ಕ ಅಂಚು ಎತ್ತರದ ಪುಸ್ತಕವನ್ನು ತಡೆಯದು, ಅದು ಅಂಚಿನ ಮೇಲೆಯೇ ಮಗುಚಿಕೊಳ್ಳುತ್ತದೆ. ಎರಡನೆಯ ಬಗೆಗೆ ಸಾಲು ತುಂಬಿರಬೇಕು.

ನೆಲದ ಮೇಲೆ ಮುಂದಿನ ಖರೀದಿಗೆಂದು ಕಾಲುಭಾಗ ಖಾಲಿ ಬಿಡುತ್ತೇವೆ. ಹಡಗಿನಲ್ಲಿ ಆ ಖಾಲಿಯೇ ಶತ್ರು. ಹತ್ತು ಪುಸ್ತಕ ಎರವಲು ಹೋದ ಜಾಗಕ್ಕೆ ಫೋಮಿನ ತುಂಡು ತುರುಕಿ. ಉಕ್ಕಿನ ಬುಕ್‌ಎಂಡ್ ಎರಡು ಹೊಯ್ದಾಟಕ್ಕೆ ಜಾರುತ್ತದೆ. ಹಾಗೆಂದು ಬಿಗಿ ಅತಿಯಾಗಬಾರದು. ಬೆನ್ನಿನ ತಲೆಗೆ ಬೆರಳು ಹಾಕಿ ಎಳೆದರೆ ಬಟ್ಟೆ ಹರಿಯುತ್ತದೆ. ಪಕ್ಕದ ಎರಡು ಪುಸ್ತಕಗಳನ್ನು ಒಳಕ್ಕೆ ಒತ್ತಿ, ನಡುವಿನದನ್ನು ಹೊಟ್ಟೆ ಹಿಡಿದು ತೆಗೆಯಲು ಪಾಳಿಯ ವಿದ್ಯಾರ್ಥಿಗಳಿಗೆ ಮೊದಲ ದಿನವೇ ತೋರಿಸಿ. ಒಂದು ಮೀಟರ್ ಸಾಲು ಸುಮಾರು 25 ಕಿಲೊ ತೂಗುತ್ತದೆ, ಆದ್ದರಿಂದ ಅಟ್ಲಾಸು, ನಿಘಂಟುಗಳು ಸದಾ ಕೆಳಗೆ. ರಾತ್ರಿ ಬಾಗಿಲು ಹಾಕುವ ಮುನ್ನ ಟ್ರಾಲಿಯ ಬ್ರೇಕ್ ಹಾಕಿದರೆ ಮುಗಿಯಿತು ಎಂದುಕೊಳ್ಳಬೇಡಿ, ಹಗ್ಗದಿಂದ ಕಟ್ಟಿ.

ಬೂಷ್ಟು ಹಿಡಿಯುತ್ತದೆಯೇ?

ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಪುಸ್ತಕ ಕಾಪಾಡಿದವರಿಗೆ ಇದು ಹೊಸದಲ್ಲ. ಸಾಪೇಕ್ಷ ಆರ್ದ್ರತೆ 45ರಿಂದ 55 ಪ್ರತಿಶತ ಇರಲಿ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಶುರು. ಒಂದು ಆರ್ದ್ರತಾ ಮಾಪಕ ಕಪಾಟಿನ ಒಳಗೆ ಇಡಿ, ಮೇಜಿನ ಮೇಲಲ್ಲ. ಹೆಚ್ಚಿನ ಅನಾಹುತ ಆಗುವುದು ಉಷ್ಣವಲಯದ ಬಂದರಿನಲ್ಲಿ. ಗಾಳಿ ಬರಲೆಂದು ಯಾರೋ ಡೆಕ್ಕಿನ ಬಾಗಿಲು ತೆರೆದಿಡುತ್ತಾರೆ. ಎಸಿಯಲ್ಲಿ ತಣ್ಣಗಾದ ರಟ್ಟಿನ ಮೇಲೆ ಹೊರಗಿನ ಹಬೆ ನೀರಾಗಿ ಕೂರುತ್ತದೆ. ಬೂಷ್ಟು ಕಂಡ ಪುಸ್ತಕವನ್ನು ಕಾಗದದ ಚೀಲದಲ್ಲಿ ಬೇರೆಯಿಡಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಇನ್ನಷ್ಟು ಬೆಳೆಯುತ್ತದೆ. ನೆನೆದ ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಹಾಳೆಗಳ ನಡುವೆ ಪೇಪರ್ ಟವೆಲ್ ಇಟ್ಟು ಫ್ಯಾನಿನ ಮುಂದೆ ಒಣಗಿಸಿ. 48 ಗಂಟೆ ನಿಮಗಿರುವ ಗಡುವು.

ಪೆಸಿಫಿಕ್ ಸಾಗರದ ದಿನಾಂಕ ರೇಖೆ ದಾಟಿದರೆ ವಾಪಸಾತಿ ತಾರೀಖು ಏನಾಗುತ್ತದೆ?

ಕೆಡುತ್ತದೆ. ಅಮೆರಿಕದಿಂದ ಪಶ್ಚಿಮಕ್ಕೆ ಏಷ್ಯಾ ಕಡೆ ಹೋದರೆ ಕ್ಯಾಲೆಂಡರಿನ ಒಂದು ದಿನವೇ ಕಾಣೆ, ಎದುರು ದಿಕ್ಕಿಗೆ ಹೋದರೆ ಒಂದೇ ದಿನ ಎರಡು ಸಲ. ಅದರ ಮೇಲೆ ಗಡಿಯಾರ ಆಗಾಗ ರಾತ್ರಿ ಒಂದು ಗಂಟೆ ಸರಿಯುತ್ತಿರುತ್ತದೆ. ಹಡಗಿನಲ್ಲಿ ತರಗತಿಗಳು ಎ ದಿನ, ಬಿ ದಿನ ಎಂದು ಸರದಿಯಲ್ಲಿ ನಡೆಯುತ್ತವೆ. ವಾಪಸಾತಿಯನ್ನೂ ಎ-9, ಬಿ-12 ಎಂದು ತರಗತಿ ದಿನದಲ್ಲೇ ಬರೆಯಿರಿ, ಯಾರಿಗೂ ಗೊಂದಲವಾಗದು. ಸರ್ವರಿನ ಗಡಿಯಾರ ಹಸ್ತಚಾಲಿತವಾಗಿ ಬದಲಿಸಬೇಡಿ. ಎರಡು ಗಂಟೆಯ ಎರವಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಯಾವ ಹೊತ್ತಿನಲ್ಲಿ ನೂಕುನುಗ್ಗಲು?

ಬಂದರಿನ ಹಿಂದಿನ ಎರಡು ದಿನ. ಪ್ರಬಂಧ ಒಪ್ಪಿಸುವವರು, ನಾಳೆ ಇಳಿಯುವ ದೇಶದ ಬಗ್ಗೆ ಓದುವವರು ಇಬ್ಬರೂ ಒಟ್ಟಿಗೆ ಬರುತ್ತಾರೆ. 30 ಜನರ ತರಗತಿಗೆ ಒಂದೇ ಪ್ರತಿ ಇದ್ದಾಗ ಎರಡು ಗಂಟೆಯ ರಿಸರ್ವ್ ಪದ್ಧತಿ (ಪುಸ್ತಕವನ್ನು ಕೌಂಟರಿನಲ್ಲೇ ಇಟ್ಟು ಸರದಿಯಲ್ಲಿ ಕೊಡುವುದು) ಬಿಟ್ಟು ಬೇರೆ ದಾರಿಯಿಲ್ಲ. ಪ್ರಾಧ್ಯಾಪಕರ ಸ್ವಂತ ಪ್ರತಿ ರಿಸರ್ವ್‌ಗೆ ಬಂದರೆ ಬೇರೆ ಬಣ್ಣದ ಚೀಟಿ ಹಚ್ಚಿ. ಪ್ರವಾಸ ಮಾರ್ಗದರ್ಶಿಗಳನ್ನು ದಡಕ್ಕೆ ಒಯ್ಯಲು ಕೊಡದಿರುವುದೇ ಲೇಸು; ಬೇಕಾದ ಪುಟವನ್ನು ಫೋಟೊ ತೆಗೆದುಕೊಳ್ಳಲಿ. ದಡದಲ್ಲಿ ಬಿಟ್ಟುಬಂದ ಪುಸ್ತಕ ತರಲು ಹಡಗು ಹಿಂತಿರುಗುವುದಿಲ್ಲ.

ಕಸ್ಟಮ್ಸ್‌ನವರು ಪುಸ್ತಕ ತಡೆಯುತ್ತಾರೆಯೇ?

ನಕ್ಷೆಗಳನ್ನು ತಡೆಯುತ್ತಾರೆ. ಗಡಿಯನ್ನು ತಪ್ಪಾಗಿ ತೋರಿಸುವ ನಕ್ಷೆ, ಗೋಳಗಳನ್ನು ತರಲು ಭಾರತದಲ್ಲಿ ನಿಷೇಧವಿದೆ, ಚೀನಾದಲ್ಲೂ ಹಾಗೆಯೇ. ಒಂದು ದೇಶಕ್ಕೆ ಸರಿಯಾದ ಗಡಿ ಇನ್ನೊಂದಕ್ಕೆ ತಪ್ಪು. ಅಟ್ಲಾಸು, ಗೋಡೆನಕ್ಷೆಗಳ ಪಟ್ಟಿ ಮಾಡಿ, ಬಂದರಿಗೆ ಮುನ್ನ ಹಡಗಿನ ಅಧಿಕಾರಿಗೆ ಕೊಟ್ಟು, ಅವುಗಳನ್ನು ಹಡಗಿನಿಂದ ಇಳಿಸದಂತೆ ನೋಡಿಕೊಳ್ಳಿ.

ಸಮುದ್ರ ರೋಗ ಬಂದರೆ?

ಹೆಚ್ಚಿನವರಿಗೆ ಎರಡು-ಮೂರು ದಿನದಲ್ಲಿ ದೇಹ ಹೊಂದಿಕೊಳ್ಳುತ್ತದೆ. ಅವೊಮಿನ್, ಸ್ಟುಜೆರಾನ್ ಗುಳಿಗೆಗಳು ನಮ್ಮಲ್ಲೇ ಸಿಗುತ್ತವೆ. ವಾಂತಿ ಶುರುವಾದ ಮೇಲಲ್ಲ, ತೂಗಾಟಕ್ಕೆ ಒಂದೆರಡು ಗಂಟೆ ಮುಂಚೆ, ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ನಿದ್ದೆ ಬರುತ್ತದೆ ಎಂಬುದು ನೆನಪಿರಲಿ. ಕ್ಯಾಬಿನ್ ಆರಿಸುವ ಅವಕಾಶ ಸಿಕ್ಕರೆ ಹಡಗಿನ ನಡುಭಾಗ, ಕೆಳಗಿನ ಅಂತಸ್ತು ಕೇಳಿ. ಬಗ್ಗಿ ಕೆಳಗಿನ ಕಪಾಟು ಜೋಡಿಸುವ ಕೆಲಸ ಅಲೆ ಹೆಚ್ಚಿದ ದಿನ ಬೇಡ.

ಹಡಗಿನಲ್ಲಿ ನೋರೋವೈರಸ್ (ವಾಂತಿ-ಭೇದಿಯ ಸೋಂಕು) ಬಂದರೆ ಸ್ಯಾನಿಟೈಸರ್ ನಂಬಬೇಡಿ, ಅದಕ್ಕೆ ಸೋಪು-ನೀರೇ ಮದ್ದು. ಕಾಯಿಲೆಯವರ ಕ್ಯಾಬಿನ್ನಿನಿಂದ ಬಂದ ಪುಸ್ತಕವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಹಡಗಿನ ವೈದ್ಯರ ಮಾತಿನಂತೆ ನಡೆಯಿರಿ.

ರೊಟ್ಟಿ, ಚಟ್ನಿಪುಡಿ ಒಯ್ಯಬಹುದೇ?

ಕಂಪನಿ ಸೀಲಿನ ಪೊಟ್ಟಣದ ಒಣ ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿಗೆ ಅವಕಾಶ ಸಿಗುವ ಸಂಭವ ಹೆಚ್ಚು. ಮನೆಯ ಡಬ್ಬಿಗೆ ಕಷ್ಟ. ಧಾರವಾಡ ಪೇಡೆ ಹಾಲಿನದು, ಹಲವು ದೇಶಗಳ ಬಂದರಿನಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಕ್ಯಾಬಿನ್ನಿನಲ್ಲಿ ಬಿಸಿನೀರಿನ ಕೆಟಲ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ನಿಷಿದ್ಧ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ.

ಕೈಚೀಲದಲ್ಲಿ ಗ್ರಂಥಾಲಯಕ್ಕೆಂದೇ ಏನಿರಬೇಕು?

ಆಮ್ಲರಹಿತ ಅಂಟು, ಪುಸ್ತಕ ದುರಸ್ತಿಯ ಟೇಪು, ಮೂಳೆಪಟ್ಟಿ (ಕಾಗದ ಮಡಿಸಿ ಒತ್ತುವ ಸಾಧನ), ಮುದ್ರಿತ ಬಾರ್‌ಕೋಡ್ 300, ಕಾಗದದ ಎರವಲು ಚೀಟಿ 500 (ಕಂಪ್ಯೂಟರ್ ನಿಂತ ದಿನಕ್ಕೆ), ಬಂಜಿ ಹಗ್ಗ ಹತ್ತು, ಸಿಲಿಕಾ ಜೆಲ್, ಎರಡು ಬಾರ್‌ಕೋಡ್ ಸ್ಕ್ಯಾನರ್. ಒಂದೇ ಸ್ಕ್ಯಾನರ್ ಒಯ್ದು ಅದು ಕೆಟ್ಟರೆ ಬೇರೆಯದು ಎಲ್ಲೂ ಸಿಗದು.

ಹತ್ತಿದ ದಿನ ಮೊದಲ ಕೆಲಸ?

ಜೀವರಕ್ಷಣೆಯ ಅಭ್ಯಾಸ. ಏಳು ಚಿಕ್ಕ, ಒಂದು ಉದ್ದ ಸೀಟಿ ಕೇಳಿದರೆ ಪುಸ್ತಕ ಬಿಟ್ಟು ನಿಮ್ಮ ನಿಗದಿತ ಜಾಗಕ್ಕೆ ಹೋಗಬೇಕು. ಗ್ರಂಥಾಲಯದಿಂದ ಅಲ್ಲಿಗೆ ಎರಡು ದಾರಿ ಅಂದೇ ನಡೆದು ನೋಡಿಕೊಳ್ಳಿ. ಕಪಾಟು ಆಮೇಲೆ.

ಯಾನ ಮುಗಿಯುವಾಗ ಏನು ಒಪ್ಪಿಸಬೇಕು?

ಕೊನೆಯ ಬಂದರಿಗೆ ಐದು ದಿನ ಮೊದಲೇ ಎರವಲು ನಿಲ್ಲಿಸಿ. ಆಮೇಲೆ ಪೂರ್ತಿ ಸ್ಟಾಕ್ ವೆರಿಫಿಕೇಶನ್ ಮಾಡಿ. ಈ ವಿದ್ಯೆಯಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಕ್ಯಾಬಿನ್ ಖಾಲಿ ಮಾಡುವಾಗ ಹಾಸಿಗೆಯ ಕೆಳಗೆ, ಡ್ರಾಯರಿನ ಹಿಂದೆ ಪುಸ್ತಕ ಸಿಗುತ್ತವೆ, ಹಾಗಾಗಿ ಕ್ಯಾಬಿನ್ ಸ್ವಚ್ಛಗೊಳಿಸುವವರಿಗೆ ನಿಮ್ಮ ಪೆಟ್ಟಿಗೆಯ ಜಾಗ ಮೊದಲೇ ತೋರಿಸಿಡಿ. ಕಳೆದವು, ಕೆಟ್ಟವು, ತೆಗೆದುಹಾಕಬೇಕಾದವು ಎಂದು ಮೂರು ಪಟ್ಟಿ ಮಾಡಿ. ಜೊತೆಗೆ ನಾಲ್ಕನೆಯದೊಂದು ಇರಲಿ: ಇಡೀ ಯಾನದಲ್ಲಿ ವಿದ್ಯಾರ್ಥಿಗಳು ಕೇಳಿ, ಹಡಗಿನ ಗ್ರಂಥಾಲಯ ಉತ್ತರ ಕೊಡಲಾಗದೆ ಹೋದ ಪ್ರಶ್ನೆಗಳು, ಕೇಳಿದ ಬಂದರಿನ ಹೆಸರಿನ ಸಮೇತ. ಮುಂದಿನ ಯಾನದ ಗ್ರಂಥಪಾಲಕರು ಯಾವ ಊರಿನವರೇ ಆಗಿರಲಿ, ಹೊರಡುವ ಮುನ್ನ ಯಾವ ಪುಸ್ತಕ ಕೊಳ್ಳಬೇಕೆಂದು ಆ ಪಟ್ಟಿಯಿಂದಲೇ ಶುರುಮಾಡುತ್ತಾರೆ.